ಪೊಕೊನೊಸ್‌ನಲ್ಲಿ ಮೊದಲ ಸ್ಕೀ ವಾರಾಂತ್ಯ: ಯಾರಿಗೂ ಸ್ಕೀ ಬಾರದ ಮನೆಯವರಿಗೆ

ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿಯುತ್ತಿದ್ದಂತೆ ನ್ಯೂಜೆರ್ಸಿಯ ಕನ್ನಡ ಮನೆಗಳಿಂದ ಈ ಪ್ರಶ್ನೆ ಶುರುವಾಗುತ್ತದೆ: “ಕ್ಲಾಸಲ್ಲಿ ಎಲ್ಲರೂ ಸ್ಕೀಗೆ ಹೋಗಿ ಬಂದರಂತೆ, ಮಕ್ಕಳು ಬಿಡ್ತಿಲ್ಲ. ನಮಗಂತೂ ಅದರ ಗಂಧಗಾಳಿ ಇಲ್ಲ. ಎಲ್ಲಿಗೆ ಹೋಗೋದು, ಏನೇನು ಬೇಕು?”

ವರ್ಮಾಂಟ್ ಬೇಡ, ಕೊಲೊರಾಡೊ ಖಂಡಿತ ಬೇಡ. ಪಕ್ಕದ ಪೆನ್ಸಿಲ್ವೇನಿಯಾದ ಪೊಕೊನೊಸ್ ಗುಡ್ಡಗಳೇ ಸಾಕು. ಹೊಸಬರು ಮೊದಲ ಎರಡು ದಿನ ಕಳೆಯುವುದು ಒಂದು ಸಣ್ಣ ಇಳಿಜಾರಿನಲ್ಲಿ ಮಾತ್ರ. ಅದು ಮಹಾಪರ್ವತದ ಬುಡದಲ್ಲಿದ್ದರೇನು, ಎಡಿಸನ್‌ನಿಂದ ಸುಮಾರು ಒಂದೂವರೆ ಗಂಟೆ ದೂರದ ಗುಡ್ಡದಲ್ಲಿದ್ದರೇನು, ಬೀಳುವ ರೀತಿ ಒಂದೇ. “ಇದು ನಮ್ಮಂಥವರಿಗಲ್ಲ” ಎಂದು ಕೈಬಿಟ್ಟವರನ್ನು ವಿಚಾರಿಸಿ ನೋಡಿ. ಅವರು ಸೋತದ್ದು ಹಿಮದ ಮೇಲಲ್ಲ. ಜೀನ್ಸ್ ಹಾಕಿಕೊಂಡು ಹೋಗಿರುತ್ತಾರೆ, ಬೂಟು ಕಚ್ಚಿರುತ್ತದೆ, ಇಲ್ಲವೇ ತಡವಾಗಿ ತಲುಪಿ ಲೆಸನ್ ತಪ್ಪಿಸಿಕೊಂಡಿರುತ್ತಾರೆ.

1. ಗುಡ್ಡ ಆರಿಸಿ

ಇಲ್ಲಿನ ಗುಡ್ಡಗಳನ್ನು ಅಳೆಯುವುದು ತುದಿಯಿಂದ ಬುಡಕ್ಕೆ ಎಷ್ಟು ಅಡಿ ಇಳಿಯಬಹುದು ಎಂಬ ಲೆಕ್ಕದಲ್ಲಿ. ಇದಕ್ಕೆ ‘ವರ್ಟಿಕಲ್’ ಎನ್ನುತ್ತಾರೆ. ಟ್ಯಾನರ್ಸ್‌ವಿಲ್‌ನ ಕ್ಯಾಮಲ್‌ಬ್ಯಾಕ್ 800 ಅಡಿ, ಈಸ್ಟ್ ಸ್ಟ್ರೌಡ್ಸ್‌ಬರ್ಗ್ ಹತ್ತಿರದ ಶಾನಿ 700, ಜ್ಯಾಕ್ ಫ್ರಾಸ್ಟ್ 600, ಬಿಗ್ ಬೋಲ್ಡರ್ 475. ಪಾಮರ್ಟನ್‌ನ ಬ್ಲೂ ಮೌಂಟನ್ 1,082 ಅಡಿ. ಪೆನ್ಸಿಲ್ವೇನಿಯಾದಲ್ಲಿ ಅದರ ವರ್ಟಿಕಲ್ಲೇ ಎಲ್ಲಕ್ಕಿಂತ ಹೆಚ್ಚು. ಅಂದಾಜಿಗೆ ಬೇಕಿದ್ದರೆ, ಮೈಸೂರಿನಲ್ಲಿ ನಿಂತರೆ ಚಾಮುಂಡಿ ಬೆಟ್ಟ ಎಷ್ಟು ಎತ್ತರ ಕಾಣುತ್ತದೋ ಹೆಚ್ಚುಕಡಿಮೆ ಅಷ್ಟು.

ಹೊಸಬರಿಗೆ ಈ ಅಂಕಿ ಮುಖ್ಯವಲ್ಲ. ಕಲಿಕೆಯ ಜಾಗ ಎಲ್ಲಿದೆ, ಮುಖ್ಯ ಕಟ್ಟಡ ಮೇಲಿದೆಯೋ ಕೆಳಗಿದೆಯೋ ಎಂದು ನಕ್ಷೆಯಲ್ಲಿ ನೋಡಿ. ಶಾನಿ, ಕ್ಯಾಮಲ್‌ಬ್ಯಾಕ್‌ನಲ್ಲಿ ಎಲ್ಲವೂ ಬುಡದಲ್ಲಿ. ಜ್ಯಾಕ್ ಫ್ರಾಸ್ಟ್ ತಲೆಕೆಳಗಾದ ಗುಡ್ಡ: ಕಾರು ನಿಲ್ಲಿಸುವುದು, ಊಟ ಎಲ್ಲ ಮೇಲೆ. ಗೊತ್ತಿಲ್ಲದೆ ಕೆಳಗೆ ಜಾರಿದರೆ ತಂತಿಯಲ್ಲಿ ತೂಗುವ ಕುರ್ಚಿಯ ಚೇರ್‌ಲಿಫ್ಟ್ ಹತ್ತದೆ ವಾಪಸ್ ಬರಲಾಗದು. ಬ್ಲೂ ಮೌಂಟನ್‌ನಲ್ಲಿ ಮೇಲೊಂದು, ಕಣಿವೆಯಲ್ಲೊಂದು ಕಟ್ಟಡವಿದೆ. ಲೆಸನ್ ಎಲ್ಲಿ ಎಂದು ಖಚಿತ ಮಾಡಿಕೊಂಡು ಆ ವಿಳಾಸವನ್ನೇ ಫೋನಿಗೆ ಹಾಕಿ.

ನಮ್ಮ ಸಲಹೆ: ಆರೇಳು ವರ್ಷದೊಳಗಿನ ಮಕ್ಕಳಿದ್ದರೆ ಶಾನಿ. ಸ್ಕೀ ಮಾಡದ ಹಿರಿಯರೂ ಜೊತೆಗಿದ್ದರೆ ಕ್ಯಾಮಲ್‌ಬ್ಯಾಕ್. ಅಲ್ಲಿ ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತು ಜಾರುವ ಟ್ಯೂಬಿಂಗ್ ದೊಡ್ಡದಾಗಿದೆ. ರಾತ್ರಿ ತಂಗುವುದೇ ಬೇಡ ಎನ್ನುವವರಿಗೆ ನ್ಯೂಜೆರ್ಸಿಯೊಳಗೇ ವರ್ನನ್‌ನ ಮೌಂಟನ್ ಕ್ರೀಕ್ ಇದೆ; ಇನ್ನೂ ಪುಟ್ಟದು ಬೇಕೆಂದರೆ ಮಾವಾದ ಕ್ಯಾಂಪ್‌ಗಾ. ನ್ಯೂಜೆರ್ಸಿಯಲ್ಲಿ 18 ವರ್ಷದೊಳಗಿನವರಿಗೆ ಹೆಲ್ಮೆಟ್ ಕಾನೂನಿನಲ್ಲೇ ಕಡ್ಡಾಯ. ಉಳಿದ ಕಡೆ ಕಾನೂನು ಹೇಳಲಿ ಬಿಡಲಿ, ದೊಡ್ಡವರೂ ಹಾಕಿಕೊಳ್ಳಿ.

2. ದಿನ ಆರಿಸಿ

ಇಲ್ಲಿ ಆಕಾಶದಿಂದ ಬೀಳುವ ಹಿಮವನ್ನು ನಂಬಿ ಯಾರೂ ಗುಡ್ಡ ನಡೆಸುವುದಿಲ್ಲ. ನೀವು ಜಾರುವುದು ಬಹುಪಾಲು ಯಂತ್ರದ ಹಿಮದ ಮೇಲೆ. ಒತ್ತಡದ ಗಾಳಿಯಲ್ಲಿ ನೀರನ್ನು ಸಣ್ಣ ಹನಿಯಾಗಿ ಚಿಮ್ಮಿಸಿದರೆ ನೆಲಕ್ಕೆ ಬೀಳುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕೆ ‘ವೆಟ್ ಬಲ್ಬ್’ ತಾಪಮಾನ, ಅಂದರೆ ಗಾಳಿಯ ತೇವವನ್ನೂ ಸೇರಿಸಿದ ಲೆಕ್ಕ, ಸುಮಾರು 28 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿರಬೇಕು. ಹಾಗಾಗಿ ನಿಮ್ಮ ಅಂಗಳದಲ್ಲಿ ಹುಲ್ಲು ಕಾಣುತ್ತಿದ್ದರೂ ಅಲ್ಲಿ ಹಿಮ ಇರುತ್ತದೆ. ನೋಡಬೇಕಾದದ್ದು ಎರಡು: ಹಿಂದಿನ ವಾರ ರಾತ್ರಿಗಳು ಕೊರೆದವೇ, ಹೋಗುವ ದಿನ ಮಳೆ ಇದೆಯೇ. ಮಳೆ ಇದ್ದರೆ ಮುಂದೂಡಿ. ಮಳೆ ಸುರಿದ ಮಾರನೆಯ ಬೆಳಿಗ್ಗೆ ಚಳಿ ಹಿಡಿದರೆ ಇಳಿಜಾರು ಗ್ರಾನೈಟ್ ಕಲ್ಲಿನಂತಾಗಿರುತ್ತದೆ. ಕಲಿಯಲು ಅದಕ್ಕಿಂತ ಕೆಟ್ಟ ದಿನವಿಲ್ಲ.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಜನವರಿ ಮತ್ತು ಫೆಬ್ರವರಿಗಳ ಮೂರನೇ ಸೋಮವಾರ ಸೇರಿದ ಉದ್ದ ವಾರಾಂತ್ಯಗಳು, ಇವನ್ನು ಬಿಟ್ಟುಬಿಡಿ. ಸಂಕ್ರಾಂತಿಯ ಆಸುಪಾಸಿನಲ್ಲೇ ಮಾರ್ಟಿನ್ ಲೂಥರ್ ಕಿಂಗ್ ರಜೆ ಬರುವುದರಿಂದ ನಮ್ಮವರು ಅದನ್ನೇ ಹಿಡಿಯುತ್ತಾರೆ. ಲಿಫ್ಟ್ ಸಾಲಿನಲ್ಲಿ ಎಳ್ಳು ಬೆಲ್ಲ ಹಂಚಬಹುದು, ಸ್ಕೀ ಮಾಡುವುದು ಕಷ್ಟ. ಜನವರಿಯ ಕೊನೆ, ಫೆಬ್ರವರಿಯ ಮೊದಲ ವಾರ ಒಳ್ಳೆಯದು. ಅಮೆರಿಕನ್ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್ ನಡೆಯುವ ಭಾನುವಾರ ಮಧ್ಯಾಹ್ನದ ಮೇಲೆ ಗುಡ್ಡ ಖಾಲಿಯಾಗುತ್ತದೆ.

3. ಬುಕ್ಕಿಂಗ್

ಪ್ರತಿ ಗುಡ್ಡದಲ್ಲೂ ಹೊಸಬರ ಪ್ಯಾಕೇಜ್ ಎಂಬುದೊಂದಿರುತ್ತದೆ. ಕಲಿಕೆಯ ಜಾಗಕ್ಕಷ್ಟೇ ಸಲ್ಲುವ ಲಿಫ್ಟ್ ಟಿಕೆಟ್, ಬಾಡಿಗೆ ಸಾಮಾನು, ಗುಂಪು ಲೆಸನ್ ಮೂರೂ ಸೇರಿ. ಅದನ್ನೇ ಕೊಳ್ಳಿ. ಇಡೀ ಗುಡ್ಡದ ಟಿಕೆಟ್ ಮೊದಲ ದಿನ ದಂಡ. ಹೆಲ್ಮೆಟ್ ಬಾಡಿಗೆ ಎಷ್ಟೋ ಕಡೆ ಪ್ಯಾಕೇಜಿನೊಳಗೆ ಸೇರಿರುವುದಿಲ್ಲ, ಬೇರೆ ಗುರುತು ಹಾಕಬೇಕು.

ಆನ್‌ಲೈನ್‌ನಲ್ಲಿ ಮುಂಚಿತವಾಗಿ ಕೊಂಡರೆ ಅಗ್ಗ. ದಿನ ಹತ್ತಿರವಾದಂತೆ ವಿಮಾನದ ಟಿಕೆಟಿನಂತೆ ಬೆಲೆ ಏರುತ್ತದೆ. ವಾರಾಂತ್ಯದ ಮಕ್ಕಳ ಲೆಸನ್‌ಗಳು ಟಿಕೆಟಿಗಿಂತ ಮೊದಲೇ ಮುಗಿದುಹೋಗುತ್ತವೆ, ಆದ್ದರಿಂದ ಮೊದಲು ಲೆಸನ್ ಹಿಡಿದು ಆಮೇಲೆ ಹೋಟೆಲ್ ನೋಡಿ. 4 ಮತ್ತು 5ನೇ ತರಗತಿಯ ಮಕ್ಕಳಿದ್ದರೆ ಪೆನ್ಸಿಲ್ವೇನಿಯಾದ ಗುಡ್ಡಗಳು ಸೇರಿ ನಡೆಸುವ ‘ಸ್ನೋಪಾಸ್’ ವಿಚಾರಿಸಿ. ಒಮ್ಮೆ ಶುಲ್ಕ ಕಟ್ಟಿದರೆ ಹಲವು ಗುಡ್ಡಗಳಲ್ಲಿ ಮಗುವಿನ ಲಿಫ್ಟ್ ಟಿಕೆಟ್ ಉಚಿತ.

ಒಂದು ಮಾತು ಒತ್ತಿ ಹೇಳಬೇಕು. ಲೆಸನ್ ದುಡ್ಡು ಉಳಿಸಲು “ನಾನು ಎರಡು ಸಲ ಹೋಗಿದ್ದೇನೆ, ನಾನೇ ಕಲಿಸ್ತೀನಿ” ಎಂದು ಹೊರಡುವ ಗಂಡಂದಿರಿಗೆ: ಬೇಡ. ಕಾರು ಕಲಿಸುವಾಗ ಏನಾಯಿತೆಂದು ಜ್ಞಾಪಿಸಿಕೊಳ್ಳಿ.

ಬುಕ್ ಮಾಡುವಾಗ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಾರೆ. ಆಟದ ಸಹಜ ಅಪಾಯಕ್ಕೆ ಗುಡ್ಡದವರು ಹೊಣೆಯಲ್ಲ ಎಂಬುದು ಅದರ ಸಾರ. ಊರಿಂದ ಬಂದ ಅಪ್ಪ, ಅಮ್ಮ, ತಮ್ಮ, ನಾದಿನಿ ಸ್ಕೀ ಮಾಡುವುದಾದರೆ ಅವರ ವಿಸಿಟರ್ ಇನ್ಶೂರೆನ್ಸ್ ಕಾಗದ ತೆಗೆದು ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಸ್ಕೀಯಿಂಗ್ ಗಾಯವನ್ನು ಹೊರಗಿಟ್ಟಿರುತ್ತಾರೆ.

4. ಬಟ್ಟೆ

ಹತ್ತಿ ಬಟ್ಟೆ ಯಾವುದೂ ಮೈಗೆ ತಾಗಬಾರದು: ಬನಿಯನ್, ಜೀನ್ಸ್, ಹುಡ್ಡಿ, ಹತ್ತಿ ಕಾಲುಚೀಲ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಬಟ್ಟೆ ಮೈಶಾಖ ಎಳೆದುಬಿಡುತ್ತದೆ. ಮೂರು ಪದರ ಸಾಕು: ಮೈಗಂಟುವ ಸಿಂಥೆಟಿಕ್ ಅಥವಾ ಉಣ್ಣೆಯ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ನೀರು ಇಳಿಯದ ಜಾಕೆಟ್ ಮತ್ತು ಸ್ನೋ ಪ್ಯಾಂಟ್. ಸ್ನೋ ಪ್ಯಾಂಟ್ ಕೊಳ್ಳಬೇಡಿ, ಪರಿಚಯದವರಲ್ಲಿ ಕೇಳಿ. ಮಕ್ಕಳದ್ದಂತೂ ಒಂದೇ ಚಳಿಗಾಲಕ್ಕೆ ಗಿಡ್ಡವಾಗುತ್ತದೆ.

ನೀರು ಇಳಿಯದ ಕೈಗವಸು ಬೇಕೇ ಬೇಕು. ಉಣ್ಣೆ ಹೆಣಿಗೆಯದು ಹತ್ತು ನಿಮಿಷಕ್ಕೆ ನೆನೆಯುತ್ತದೆ. ಪುಟ್ಟ ಮಕ್ಕಳಿಗೆ ಬೆರಳು ಬಿಡಿಸಿದ್ದಕ್ಕಿಂತ ನಾಲ್ಕು ಬೆರಳೂ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಗಾಗಲ್ಸ್ ಮರೆಯಬೇಡಿ, ಹಿಮದ ಯಂತ್ರ ಓಡುತ್ತಿದ್ದರೆ ಕಣ್ಣು ಬಿಡಲಾಗದು. ಬಿಸಿಲಿದ್ದರೆ ಸನ್‌ಸ್ಕ್ರೀನ್ ಹಚ್ಚಿ, ನಮ್ಮ ಚರ್ಮವೂ ಹಿಮದ ಪ್ರತಿಫಲನಕ್ಕೆ ಕಪ್ಪಿಡುತ್ತದೆ.

ಅಜ್ಜಿ ಕೊಟ್ಟ ಮಂಕಿ ಕ್ಯಾಪ್ ಕಾರಿನಲ್ಲೇ ಇರಲಿ. ಹೆಲ್ಮೆಟ್ಟಿನ ಅಡಿಯಲ್ಲಿ ದಪ್ಪ ಟೋಪಿ ಇದ್ದರೆ ಹೆಲ್ಮೆಟ್ ಸಡಿಲಾಗಿ ಬಿದ್ದಾಗ ಜಾರುತ್ತದೆ. ಶಾಲು, ದುಪಟ್ಟಾ, ಉದ್ದ ಸ್ಕಾರ್ಫ್ ಚೇರ್‌ಲಿಫ್ಟಿಗೆ ಸಿಕ್ಕಿಕೊಳ್ಳುವ ವಸ್ತುಗಳು. ಬದಲಿಗೆ ಕುತ್ತಿಗೆಗೆ ಬಳೆಯಂತೆ ತೊಡುವ ನೆಕ್ ಗೇಟರ್ ಹಾಕಿ. ಜುಮುಕಿ, ಬಳೆ, ಬಿಗಿಯಾದ ಉಂಗುರ ಮನೆಯಲ್ಲೇ ಬಿಡಿ, ತಾಳಿ ಥರ್ಮಲ್‌ನ ಒಳಗಿರಲಿ, ಜಡೆ ಜಾಕೆಟ್ಟಿನೊಳಗೆ.

5. ಕಾರು, ಬುತ್ತಿ

ಐ-80ರಲ್ಲಿ ಡೆಲವೇರ್ ವಾಟರ್ ಗ್ಯಾಪ್ ಸೇತುವೆಯ ಟೋಲ್ ಪೆನ್ಸಿಲ್ವೇನಿಯಾಗೆ ಹೋಗುವಾಗ ಮಾತ್ರ. ಟೈರಿನ ಗಾಳಿ ನೋಡಿಸಿ. ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಕಾರಿನ ನೆತ್ತಿಯ ಹಿಮ ಗುಡಿಸದೆ ಹೊರಟರೆ ಎರಡೂ ರಾಜ್ಯಗಳಲ್ಲಿ ದಂಡ ಬೀಳಬಹುದು.

ಗುಡ್ಡದ ಕ್ಯಾಂಟೀನಿನಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಫ್ರೈಸ್, ಚೀಸ್ ಪಿಜ್ಜಾ, ಅಷ್ಟೇ. ಮಧ್ಯಾಹ್ನ 12ರಿಂದ 1ರವರೆಗೆ ಅದಕ್ಕೂ ಸಾಲು. ಮನೆಬುತ್ತಿ ತಿನ್ನಲು ಎಲ್ಲಿ ಬಿಡುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ, ಇಲ್ಲವಾದರೆ ಕಾರಿನಲ್ಲೇ ಊಟ. ಪಲ್ಯ ಸುತ್ತಿದ ಚಪಾತಿ ತಣ್ಣಗಾದರೂ ನಡೆಯುತ್ತದೆ. ಪುಳಿಯೋಗರೆಗೆ ಚಮಚ ಬೇಕು, ಚಳಿಗೆ ಗಟ್ಟಿಯಾಗುತ್ತದೆ. 11 ಗಂಟೆಗೇ ಉಂಡುಬಿಡಿ. ನೀರು ಕುಡಿಸುತ್ತಿರಿ, ಚಳಿಯಲ್ಲಿ ದಾಹ ತಿಳಿಯುವುದಿಲ್ಲ.

6. ಬಾಡಿಗೆ ಕೌಂಟರ್ ಮತ್ತು ಬೂಟು

ಇದೇ ಇಡೀ ಪ್ರವಾಸದ ಗಂಟು. ಲೆಸನ್ 10ಕ್ಕಿದ್ದರೆ 8:30ಕ್ಕೆ ಕೌಂಟರಿನಲ್ಲಿರಿ.

ಫಾರಂನಲ್ಲಿ ತೂಕ, ಎತ್ತರ, ವಯಸ್ಸು, ಅನುಭವ ಬರೆಯಬೇಕು. ಇದರ ಮೇಲೆ ಬೈಂಡಿಂಗ್ ನಿಗದಿಯಾಗುತ್ತದೆ. ಬೈಂಡಿಂಗ್ ಎಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ, ಬಿದ್ದಾಗ ಕಾಲು ತಿರುಚುವ ಮೊದಲೇ ಬಿಟ್ಟುಕೊಡುವ ಕೊಂಡಿ. ಎಷ್ಟು ಬಲಕ್ಕೆ ಬಿಡಬೇಕೆಂಬ ಅಂಕಿಗೆ ‘ಡಿನ್’ ಎಂದು ಹೆಸರು. ತೂಕ ಕೇಳುವುದು ಪೌಂಡ್‌ನಲ್ಲಿ. ಅಭ್ಯಾಸಬಲದಿಂದ ಕಿಲೋದಲ್ಲಿ 70 ಎಂದು ಬರೆದರೆ 154 ಪೌಂಡಿನ ನಿಮಗೆ ಮಗುವಿನ ಲೆಕ್ಕದ ಬೈಂಡಿಂಗ್ ಸಿಕ್ಕಿ, ನಿಂತಲ್ಲೇ ಸ್ಕೀ ಕಳಚುತ್ತದೆ. ಕಿಲೋವನ್ನು 2.2ರಿಂದ ಗುಣಿಸಿ. ನಾಚಿಕೆಗೆ ತೂಕ ಇಳಿಸಬೇಡಿ, ಅನುಭವದ ಕಡೆ ಒಂದನೇ ವರ್ಗ ಬಿಟ್ಟು ಬೇರೆ ಗುರುತಿಸಬೇಡಿ. ಜಾಸ್ತಿ ಬರೆದರೆ ಬಿಡಬೇಕಾದಾಗ ಬಿಡದು, ಮೊಣಕಾಲಿಗೆ ಬರುತ್ತದೆ.

ಬೂಟಿನ ಅಳತೆ ಸೆಂಟಿಮೀಟರಿನಲ್ಲಿ. ಮನೆಯಲ್ಲೇ ಹಿಮ್ಮಡಿ ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಂತು, ಹೆಬ್ಬೆರಳ ತುದಿಗೆ ಗೆರೆ ಎಳೆದು ಅಳೆಯಿರಿ. 26.5 ಸೆಂ.ಮೀ. ಬಂದರೆ ಬೂಟು 26.5. ಸ್ಕೂಲ್ ಶೂ ಕೊಳ್ಳುವಾಗಿನಂತೆ “ಒಂದು ಸೈಜ್ ದೊಡ್ಡದಿರಲಿ” ಎನ್ನುವುದೇ ಇಲ್ಲಿ ಮೊದಲ ತಪ್ಪು. ಒಳಗೆ ಕಾಲು ಆಡಿದರೆ ನೀವು ತಿರುಗಿಸಿದ್ದು ಸ್ಕೀಗೆ ತಲುಪುವುದಿಲ್ಲ.

ತೊಡುವ ಕ್ರಮ ಹೀಗೆ:

ಒಂದೇ ಜೊತೆ ಕಾಲುಚೀಲ, ಮೊಣಕಾಲುದ್ದ, ತೆಳು, ಸುಕ್ಕಿಲ್ಲದಂತೆ. ಎರಡು ಜೊತೆ ಹಾಕಿದರೆ ಬೆಚ್ಚಗಾಗದು. ರಕ್ತದ ಓಟ ಬಿಗಿದು ಕಾಲು ಇನ್ನೂ ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟನ್ನು ಬೂಟಿನ ಮೇಲಂಚಿಗಿಂತ ಮೇಲಕ್ಕೆ ಮಡಚಿ. ಬೂಟಿನೊಳಗೆ ಕಾಲುಚೀಲ ಬಿಟ್ಟು ಬೇರೇನೂ ಇರಬಾರದು. ಸ್ನೋ ಪ್ಯಾಂಟ್ ಬೂಟಿನ ಹೊರಗೆ ಬರಬೇಕು.

ಕಾಲಿಟ್ಟ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಮೊಣಕಾಲನ್ನು ಮುಂದಕ್ಕೆ ಬಾಗಿಸಿಕೊಂಡೇ ಕಣಕಾಲಿನ ಬಕಲ್ ಮೊದಲು, ಆಮೇಲೆ ಮೇಲಿನದು, ಪಟ್ಟಿ. ಬೆರಳುಗಳ ಮೇಲಿನದು ಬರೀ ಸಿಕ್ಕಿಸಿದರೆ ಸಾಕು. ಎದ್ದು ನಿಂತಾಗ ಬೆರಳ ತುದಿ ಮುಂದಕ್ಕೆ ತಾಗಬೇಕು, ಮೊಣಕಾಲು ಬಾಗಿಸಿದಾಗ ಹಿಂದೆ ಸರಿಯಬೇಕು. ಬಾಗಿದಾಗ ಹಿಮ್ಮಡಿ ಎದ್ದರೆ ಬೂಟು ದೊಡ್ಡದು. ನೋಯುವುದಕ್ಕೂ ಬಿಗಿಯಾಗಿರುವುದಕ್ಕೂ ವ್ಯತ್ಯಾಸವಿದೆ: ಸುತ್ತಲೂ ಸಮನಾಗಿ ಒತ್ತಿದರೆ ಸರಿ, ಒಂದೇ ಕಡೆ ಚುಚ್ಚಿದರೆ ಬಿಚ್ಚಿ ಮತ್ತೆ ನೋಡಿ, ಮುಕ್ಕಾಲು ಪಾಲು ಕಾಲುಚೀಲದ ಮಡಿಕೆಯೇ ಕಾರಣ.

ಎಚ್ಚರ: ಬೈಂಡಿಂಗ್ ಹೊಂದಿಸಿದ ಮೇಲೆ ಬೂಟಿನ ಸೈಜ್ ಬದಲಿಸಿದರೆ ಸ್ಕೀಯನ್ನೂ ಹೊತ್ತುಕೊಂಡು ಟೆಕ್ನಿಷಿಯನ್ ಹತ್ತಿರ ಹೋಗಲೇಬೇಕು. ಬೂಟಿನ ಅಡಿಯ ಉದ್ದ ಮಿಲಿಮೀಟರಿನಲ್ಲಿ ಬೈಂಡಿಂಗ್ ಲೆಕ್ಕದ ಭಾಗ. ಗಂಡ ಹೆಂಡತಿ ಸ್ಕೀ ಅದಲುಬದಲು ಮಾಡಿಕೊಳ್ಳುವುದೂ ಇದೇ ಕಾರಣಕ್ಕೆ ಕೂಡದು.

ಸ್ಕೀಯ ಉದ್ದ ದೊಡ್ಡವರಿಗೆ ಗಲ್ಲದ ಆಸುಪಾಸು, ಮಕ್ಕಳಿಗೆ ಎದೆಯಿಂದ ಗಲ್ಲದೊಳಗೆ. ಅದರ ಮೇಲಿನ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಬಾಡಿಗೆಯವು ಎಲ್ಲ ಒಂದೇ ಥರ ಇರುತ್ತವೆ. ಊಟಕ್ಕೆ ಹೋಗುವಾಗ ಜೊತೆಯನ್ನು ಬೇರ್ಪಡಿಸಿ ಎರಡು ಸ್ಟ್ಯಾಂಡಿಗೆ ಒಂದೊಂದು ಒರಗಿಸಿದರೆ ಯಾರೂ ತಪ್ಪಿ ಒಯ್ಯುವುದಿಲ್ಲ.

7. ಮೊದಲ ಗಂಟೆ

ಪೋಲ್, ಅಂದರೆ ಕೈಕೋಲು, ಮೊದಲಿಗೆ ಬೇಡ. ಲೆಸನ್‌ನಲ್ಲಿ ಒಂದೇ ಸ್ಕೀ ಹಾಕಿ ನಡೆಸುತ್ತಾರೆ, ಅಡ್ಡಡ್ಡ ಹೆಜ್ಜೆ ಹಾಕಿಸುತ್ತಾರೆ, ಆಮೇಲೆ ‘ವೆಜ್’: ಸ್ಕೀಗಳ ಮುಂತುದಿ ಹತ್ತಿರ, ಹಿಂತುದಿ ದೂರ. ಮಕ್ಕಳಿಗೆ ಇದನ್ನೇ ಪಿಜ್ಜಾ ಎನ್ನುತ್ತಾರೆ; ಎರಡೂ ಸಮಾನಾಂತರವಾದರೆ ಫ್ರೆಂಚ್ ಫ್ರೈಸ್. ಪಿಜ್ಜಾ ಅಗಲಿಸಿದಷ್ಟು ವೇಗ ಕಡಿಮೆ.

ಎಲ್ಲರೂ ಮಾಡುವ ತಪ್ಪು ಒಂದೇ. ಹೆದರಿದ ಕೂಡಲೇ ಮೈ ಹಿಂದಕ್ಕೆ ವಾಲುತ್ತದೆ. ಮೆಟ್ಟಿಲಲ್ಲಿ ಜಾರಿದಾಗ ಹಿಂದೆ ವಾಲಿ ಬದುಕಿದ ದೇಹ ಇಲ್ಲೂ ಅದನ್ನೇ ಮಾಡುತ್ತದೆ. ಆದರೆ ಭಾರ ಹಿಂದೆ ಹೋದರೆ ಮುಂತುದಿ ಹಗುರಾಗಿ ಸ್ಕೀ ತಿರುಗುವುದೂ ಇಲ್ಲ, ನಿಲ್ಲುವುದೂ ಇಲ್ಲ, ಓಡುತ್ತದೆ. ಮದ್ದು: ಮೊಣಕಾಲ ಕೆಳಗಿನ ಮುಂಭಾಗದ ಎಲುಬು ಸದಾ ಬೂಟಿನ ನಾಲಿಗೆಗೆ ಒತ್ತಿರಲಿ, ಕೈ ಎರಡೂ ತಟ್ಟೆ ಹಿಡಿದಂತೆ ಮುಂದಿರಲಿ, ಕಣ್ಣು ಸ್ಕೀ ಮೇಲಲ್ಲ, ಹೋಗಬೇಕಾದ ಕಡೆಗೆ.

ಬೀಳುವುದಾದರೆ ಪಕ್ಕಕ್ಕೆ, ಗುಡ್ಡದ ಮೇಲ್ಬದಿಗೆ ಕುಂಡೆ ಊರಿ. ಅರ್ಧ ಬಿದ್ದ ಮೇಲೆ ಏಳಲು ಹೆಣಗಬೇಡಿ, ಮೊಣಕಾಲು ತಿರುಚುವುದು ಆಗಲೇ. ಏಳುವ ಮೊದಲು ಸ್ಕೀಗಳನ್ನು ನಿಮ್ಮ ಕೆಳಬದಿಗೆ ತಂದು ಇಳಿಜಾರಿಗೆ ಅಡ್ಡ ಇಡಿ. ಆಗದಿದ್ದರೆ ಮೇಲಿನ ಸ್ಕೀ ಕಳಚಿ ಎದ್ದರೂ ಮರ್ಯಾದೆಗೇನೂ ಕುಂದಿಲ್ಲ.

8. ಚೇರ್‌ಲಿಫ್ಟ್

ಕಾರ್ಪೆಟ್ ಲಿಫ್ಟ್ ಎಂಬ ಚಲಿಸುವ ಪಟ್ಟಿಯ ಮೇಲೆ ನಿಂತು ಹೋಗುವ ಇಳಿಜಾರಿನಲ್ಲಿ ಐದು ಸಲ ಬೀಳದೆ ನಿಂತ ಮೇಲೆ ಮಾತ್ರ ಇದರ ಮಾತು.

ಬ್ಯಾಗ್ ತೆಗೆದು ಮಡಿಲಿಗೆ, ಪೋಲ್ ಇದ್ದರೆ ಪಟ್ಟಿಯಿಂದ ಕೈ ಬಿಡಿಸಿ ಎರಡೂ ಒಂದೇ ಕೈಗೆ. ಗೇಟು ಓದುವ ಆರ್‌ಎಫ್‌ಐಡಿ ಟಿಕೆಟ್ ಕಾರ್ಡ್ ಎಡ ಜೇಬಿನಲ್ಲಿ ಒಂಟಿಯಾಗಿರಲಿ, ಜೊತೆಗೆ ಫೋನಿದ್ದರೆ ಓದುವುದಿಲ್ಲ. “ಮೊದಲ ಸಲ, ನಿಧಾನ ಮಾಡಿ” ಎಂದು ಲಿಫ್ಟಿನವರಿಗೆ ಹೇಳಿ. ದಿನಕ್ಕೆ ನೂರು ಸಲ ಕೇಳಿರುತ್ತಾರೆ. ಮಗುವನ್ನು ಲಿಫ್ಟಿನವರು ನಿಂತ ಬದಿಗೆ ಕೂರಿಸಿ. ಹಿಂತಿರುಗಿ ಕುರ್ಚಿ ನೋಡುತ್ತಾ, ಬಂದಾಗ ಕುಳಿತು, ಹಿಂದಕ್ಕೆ ಸರಿದು, ಎಲ್ಲರಿಗೂ ಹೇಳಿ ರಕ್ಷಣೆಯ ಸರಳು ಇಳಿಸಿ.

ಮೇಲೆ ತಲುಪುವಾಗ ಫಲಕ ಕಂಡಲ್ಲಿ ಸರಳು ಎತ್ತಿ, ಸ್ಕೀ ತುದಿ ಮೇಲಕ್ಕೆ, ದಿಬ್ಬ ತಾಗಿದಾಗ ಎದ್ದು ನೇರ ಜಾರಿ, ಅಲ್ಲೇ ನಿಲ್ಲದೆ ಪಕ್ಕಕ್ಕೆ ಸರಿಯಿರಿ. ಇಳಿಯುವುದು ತಪ್ಪಿದರೆ ನೆಗೆಯಬೇಡಿ. ಮುಂದೆ ಒಂದು ತಡೆ ಇರುತ್ತದೆ, ಕಾಲು ತಾಗಿದರೆ ಲಿಫ್ಟ್ ತಾನೇ ನಿಲ್ಲುತ್ತದೆ.

9. ಹಸಿರು ದಾರಿ

ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಇವು ಆ ಗುಡ್ಡದೊಳಗಿನ ಹೋಲಿಕೆ ಮಾತ್ರ. ಒಂದರ ಹಸಿರು ಇನ್ನೊಂದರ ನೀಲಿಯಾಗಿರಬಹುದು. ಕಿತ್ತಳೆ ಬಣ್ಣದ ಅಂಡಾಕೃತಿ ಕಂಡರೆ ಅದು ಹಾರುವವರ ಜಾಗ, ಒಳಗೆ ಕಾಲಿಡಬೇಡಿ.

ನಿಮಗಿಂತ ಕೆಳಗಿರುವವರಿಗೇ ದಾರಿಯ ಹಕ್ಕು. ತಪ್ಪಿಸಿಕೊಂಡು ಹೋಗುವ ಹೊಣೆ ಮೇಲಿಂದ ಬರುವವರದ್ದು. ಹೊರಡುವಾಗ, ದಾರಿ ಕೂಡುವಲ್ಲಿ ಮೇಲೆ ನೋಡಿ. ಫೋಟೊಗೆ ನಿಲ್ಲುವುದಾದರೆ ದಾರಿಯ ಅಂಚಿನಲ್ಲಿ, ದಿಬ್ಬದ ಮರೆಯಲ್ಲಂತೂ ಅಲ್ಲವೇ ಅಲ್ಲ. ಇಳಿಜಾರಿನ ನಡುವೆ ಸಾಲಾಗಿ ನಿಂತ ಕುಟುಂಬದ ಗುಂಪು ಫೋಟೊ ಎಲ್ಲಕ್ಕಿಂತ ಅಪಾಯಕಾರಿ. ಯಾರಿಗಾದರೂ ಪೆಟ್ಟಾದರೆ ಸ್ಕೀ ಎರಡನ್ನು ಅವರ ಮೇಲ್ಬದಿಯಲ್ಲಿ ಕತ್ತರಿಯಾಕಾರಕ್ಕೆ ನೆಟ್ಟು, ಗುಡ್ಡದ ರಕ್ಷಣಾ ತಂಡವಾದ ಸ್ಕೀ ಪಟ್ರೋಲ್‌ಗೆ ಫೋನ್ ಮಾಡಿ. ನಂಬರ್ ಗುಡ್ಡದ ನಕ್ಷೆಯಲ್ಲಿರುತ್ತದೆ, ಬೆಳಿಗ್ಗೆಯೇ ಉಳಿಸಿಕೊಳ್ಳಿ. ಬೂಟು ಬಿಚ್ಚಲು ಹೋಗಬೇಡಿ.

ಮಧ್ಯಾಹ್ನ 2:30ಕ್ಕೆ ನಿಲ್ಲಿಸಿ. ತೊಡೆ ಸೋತಿರುತ್ತದೆ, ಕರಗಿದ ಹಿಮ ಮತ್ತೆ ಗಟ್ಟಿಯಾಗತೊಡಗುತ್ತದೆ. “ಕೊನೇದೊಂದು ಸಲ” ಎನ್ನುವ ಮಗುವಿಗೆ ಕಾರ್ಪೆಟ್ ಇಳಿಜಾರು ತೋರಿಸಿ.

10. ಭಾನುವಾರ

ಎರಡು ದಿನದ ಬಾಡಿಗೆ ತೆಗೆದಿದ್ದರೆ ಬೂಟುಗಳನ್ನು ಕೋಣೆಯೊಳಗೆ ತಂದು, ಒಳಗವಚ ಎಳೆದು ಒಣಗಿಸಿ. ಡಿಕ್ಕಿಯಲ್ಲಿ ಬಿಟ್ಟರೆ ಬೆಳಿಗ್ಗೆ ಪ್ಲಾಸ್ಟಿಕ್ ಮರದಂತೆ ಸೆಟೆದು ಕಾಲು ಒಳಗೆ ಹೋಗುವುದಿಲ್ಲ. ಎರಡನೇ ದಿನವೂ ಒಂದು ಲೆಸನ್ ಹಿಡಿಯಿರಿ. ತಿರುಗುವುದು ಕೂಡಿಬರುವುದು ಸಾಮಾನ್ಯವಾಗಿ ಆ ದಿನವೇ.

ಸಂಜೆ 4ರ ಮೇಲೆ ಐ-80 ಪೂರ್ವದಿಕ್ಕು ವಾಟರ್ ಗ್ಯಾಪ್ ಬಳಿ ಕಟ್ಟಿಕೊಳ್ಳುತ್ತದೆ. ಒಂದೋ 2ಕ್ಕೆ ಹೊರಡಿ, ಇಲ್ಲವೇ ಸ್ಟ್ರೌಡ್ಸ್‌ಬರ್ಗ್‌ನಲ್ಲಿ ಊಟ ಮುಗಿಸಿ 7ರ ಮೇಲೆ. ಬಾಡಿಗೆ ಬೂಟು ವಾಪಸ್ ಕೊಡುವ ಮೊದಲು ಒಳಗೆ ಕೈಹಾಕಿ ನೋಡಿ: ಮಕ್ಕಳ ಕಾಲುಚೀಲ, ಕೈ ಬೆಚ್ಚಗಿಡುವ ಪೊಟ್ಟಣ, ಒಮ್ಮೊಮ್ಮೆ ಕಾರಿನ ಕೀ ಕೂಡ ಅಲ್ಲಿರುತ್ತದೆ.